ಬಾವಿಗೆ ಬಿಟ್ಟ ಚಿಪ್ಪು

ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಯಲ್ಲಿ ನೀರೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಗಂಡನನ್ನು ಬಿಟ್ಟು ಸೋದರತ್ತೆಯ ಮನೆಗೆ ಬಂದಾಗಿನಿಂದ ತೃಪ್ತಿ ಮಾಳಿಗೆ ಕೋಣೆಯಲ್ಲಿ ಒಬ್ಬಳೇ ಕೂತು, ಕಡಲಾಳದ ಕಲ್ಲು ಪುಡಿಮಾಡಿ ತೊಳೆದು ಸೋಸಿದ್ದಕ್ಕೆ ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ಆ ಒಂದೇ ಚಿಪ್ಪು. ಕಲ್ಲಿನ ವಯಸ್ಸು ಹೇಳಬೇಕಿದ್ದದ್ದೂ ಅದೇ.

“ಅತ್ತಿ, ಇದರಾಗಿನ ನೀರು?”

“ಬಾವಿಗೆ ಬಿಟ್ನಿ,” ಎಂದಳು ಗಂಗೂಬಾಯಿ, ಸೋಸುವ ಅರಿವೆ ಒಣಹಾಕುತ್ತ. ಕುಡಿಯುವ ನೀರು ಸೋಸಿ, ಅರಿವೆಯಲ್ಲುಳಿದ ಜೀವಗಳನ್ನು ಅವಳು ದಿನಾ ಬಾವಿಗೇ ಮರಳಿಸುತ್ತಿದ್ದಳು.

“ಅದು ಕೋಟಿಗಟ್ಟಲೆ ವರ್ಷದ ಹಿಂದ ಸತ್ತದ್ದು!”

“ನನಗೇನ ಗೊತ್ತವಾ? ನಿನ್ನ ದುರ್ಬೀನಿನ್ಯಾಗ ಬಗ್ಗಿ ನೋಡಿದ್ನಿ. ಪಾಪ, ಒಂದ ಇತ್ತು. ತನ್ನ ಮಂದ್ಯಾಗ ಹೋಗಿರ್ಲಿ ಅಂತ ಬಿಟ್ನಿ.”

ಬೈಯಲೆಂದೇ ಬಾಯಿ ತೆರೆದಿದ್ದಳು ತೃಪ್ತಿ. ಬಂದದ್ದು ಬೇರೆ ಮಾತು.

“ನನ್ನ ಯಾವಾಗರ ಹಂಗ ಬಗ್ಗಿ ನೋಡೀಯೇನ, ಅತ್ತಿ?”