ಅಳಿಸಿಹೋಗದ ಹುಡುಗಿ

"ಸೆನ್ಸೇ, ನೀವು ಅಳಿಸಿಹಾಕಿದ ಮನೇಲಿ ಇನ್ನೂ ಯಾರೋ ಇದಾರೆ" ಎಂದ ಎಬಿಸಾವಾ.

ಶಿಜುನೊ ತಿನ್ನುತ್ತಿದ್ದ ಅನ್ನದುಂಡೆಯನ್ನು ಕಾಗದದ ಮೇಲಿಟ್ಟು ಅವನ ಪರದೆಯತ್ತ ಬಾಗಿದಳು. ಜಪಾನಿನ ಫುಕುವೊಕಾದ ಒಂದು ಸಣ್ಣ ಕಂಪನಿಯ ವಿಡಿಯೊ ಗೇಮುಗಳಿಗೆ ಕಥೆ ಬರೆಯುವವಳು ಅವಳು. ಅವುಗಳಲ್ಲಿ ತಪ್ಪು ಹುಡುಕುವವನು ಅವನು; ಬರಹಗಾರ್ತಿಯೆಂಬ ಗೌರವಕ್ಕೆ ಅವಳನ್ನು 'ಸೆನ್ಸೇ', ಅಂದರೆ ಗುರುವೇ, ಎನ್ನುತ್ತಿದ್ದ. ಹೊಸ ಆಟದಲ್ಲಿ ತಾಯಿಯೊಬ್ಬಳು ಮಗಳನ್ನು ಮನೆಯಲ್ಲಿ ಬಿಟ್ಟು, ಹದಿನೈದು ವರ್ಷ ಹಿಂದಕ್ಕೆ ಹೋಗಿ, ಬೇರೆಯದೇ ಬದುಕನ್ನು ಆರಿಸಿಕೊಳ್ಳುತ್ತಾಳೆ.

ಎಬಿಸಾವಾ ಆಟದ ನೋಟವನ್ನು ಗೋಡೆಯಾಚೆಗೆ ಎಳೆದ. ತಾಯಿ ಬಿಟ್ಟುಹೋದ ಮನೆ ಕಾಣಿಸಿತು. ಬಾಗಿಲ ಒಳಗೆ, ಚಪ್ಪಲಿ ಕಳಚುವ ಜಾಗದ ಅಂಚಿನಲ್ಲಿ, ಎಂಟು ವರ್ಷದ ಹುಡುಗಿ ಬಾಗಿಲನ್ನೇ ನೋಡುತ್ತ ನಿಂತಿದ್ದಳು.

"ಇವಳು ಇರಬಾರದಲ್ಲ?"

"ಇರಬಾರದು. ಪರ್ಯಾಯ ಕಾಲರೇಖೆ ಅಂತ ನಿಯಮ ಮಾಡಿದ್ದು ನೀವೇ. ಹಳೇದರ ಮೇಲೆ ಹೊಸದು ಬರೆದ್ರೆ ಹಳೇದು ಇರಲ್ಲ, ಸರೀನಾ? ಹುಡುಗಿ ಉಳಿದಿದಾಳೆ ಅಂದ್ರೆ ಇದು ಸಮಾಂತರ ಲೋಕ. ಪಕ್ಕದ ಮನೆ ಇದ್ದಹಾಗೆ. ಅಮ್ಮ ಹೋದ್ರೂ ಅಲ್ಲಿ ಬೆಳಗಾಗುತ್ತೆ, ಅನ್ನ ಬೇಯುತ್ತೆ."

"ಯಾರು ಮಾಡಿದ ತಪ್ಪು?"

"ತಾವೇ, ಮಹಾತಾಯಿ." ಅವನು ನಕ್ಕ. "ನಮ್ಮ ಆಟದಲ್ಲಿ ಯಾರಾದ್ರೂ 'ಹೋಗಿಬರ್ತೀನಿ' ಅಂದ್ರೆ, 'ಬಂದೆ' ಅನ್ನೋ ಮಾತು ಕೇಳೋ ತನಕ ಮನೆಯವರು ಕಾಯ್ತಾರೆ. ಮಾಮೂಲಿ ದಿನಗಳಿಗೆ ಅಂತ ಮಾಡಿಟ್ಟಿದ್ದು. ನೀವು ವಾಪಸ್ ಬರದೇ ಇರೋಳ ಬಾಯಲ್ಲೂ ಅದನ್ನೇ ಇಟ್ಟಿದೀರಿ."

"ಬಾಗಿಲು ದಾಟುವಾಗ ಎಲ್ಲರೂ ಹಾಗೇ ತಾನೇ ಹೇಳೋದು?"

"ಬರೋರು ಹೇಳ್ತಾರೆ."

ಹನ್ನೊಂದು ವರ್ಷದ ಹಿಂದೆ ಕೊಕುರಾ ಪಟ್ಟಣದ ತನ್ನ ಮನೆಯಿಂದ ಒಂದೇ ಪೆಟ್ಟಿಗೆ ಹಿಡಿದು ಹೊರಟಾಗ ಶಿಜುನೊ ಕೂಡ ಅದೇ ಮಾತು ಹೇಳಿದ್ದಳು. ಮಗಳು ನಾನಾವೊ ಬೆನ್ನಿಗೆ ಶಾಲೆಯ ಚೀಲ ಏರಿಸುತ್ತ, ತಲೆಯೆತ್ತದೆ, "ಹೋಗಿ ಬಾ" ಎಂದಿದ್ದಳು. ವಿಚ್ಛೇದನದಲ್ಲಿ ಮಗು ತಂದೆಯ ಪಾಲಾಯಿತು. ಬಾಗಿಲು ಮುಚ್ಚಿದ ಕ್ಷಣವೇ ಆ ಮನೆ ಇಲ್ಲವಾಯಿತೆಂದು ನಂಬಿಕೊಂಡೇ ಶಿಜುನೊ ಇಷ್ಟು ದಿನ ದೂಡಿದ್ದಳು.

"ಒಂದೇ ಪದ, ಸೆನ್ಸೇ. 'ಹೋಗ್ತೀನಿ' ಅಂತ ಮಾಡಿ. ಹುಡುಗಿ ಮಾಯ."

ಶಿಜುನೊ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಪದವನ್ನು ಅಳಿಸಿ ಹೊಸದನ್ನು ಬರೆದಳು. ಪರದೆಯ ಹುಡುಗಿ ಇಲ್ಲವಾದಳು. ಬರೀ ಬಾಗಿಲು ಉಳಿಯಿತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಂದೊಂದೇ ಅಕ್ಷರ ಒತ್ತಿ, ಹಳೆಯ ಪದವನ್ನೇ ಮತ್ತೆ ಬರೆದಳು.

"ಆ ಮಾತು ಹೇಳಿ ಆಗಿಹೋಗಿದೆ, ಎಬಿಸಾವಾ ಅವರೇ. ಸಮಾಂತರ ಲೋಕ ಅಂತ ಬರ್ಕೊಳ್ಳಿ."

"ಹಾಗಾದ್ರೆ ಅಮ್ಮ ವಾಪಸ್ ಹೋಗಬಹುದಾ?"

"ಇಲ್ಲ. ದಾರಿ ಇಲ್ಲ."

ಎಬಿಸಾವಾ ಕತ್ತು ಕೆರೆದುಕೊಂಡ. "ಆದ್ರೆ ಇವಳಿಗೆ ನಿಲ್ಲೋದು ಬಿಟ್ಟು ಬೇರೇನೂ ಕಲಿಸಿಟ್ಟಿಲ್ಲ, ಸೆನ್ಸೇ. ಆಟ ಮುಗಿಯೋ ತನಕ ಹೀಗೇ ನಿಂತಿರ್ತಾಳೆ."

"ಹಾಗಿದ್ರೆ" ಎಂದಳು ಶಿಜುನೊ, ಪರದೆಯಿಂದ ಕಣ್ಣು ತೆಗೆಯದೆ, "ಅವಳಿಗೆ ಕೂತ್ಕೊಳ್ಳೋದನ್ನಾದ್ರೂ ಕಲಿಸಿ."