ಆರು ಮಂದಿಯ ನೀತಿ ಸಂಹಿತೆ

ಅಂಬಣ್ಣನನ್ನು ಗುಂಪಿನಿಂದ ಆಚೆ ಹಾಕಲೇಬೇಕು! ಅಮೀರ್‌ಪೇಟಿನ ಸೈಬರ್ ಕೆಫೆಯಲ್ಲಿ ಆನಂದಕುಮಾರ ಕೀಬೋರ್ಡು ಕುಟ್ಟುತ್ತಿದ್ದ ರಭಸಕ್ಕೆ ಪಕ್ಕದ ಕುರ್ಚಿಯವನು ತಿರುಗಿ ನೋಡಿದ.

“ಅರೇ ಭಾಯ್, ಆಹಿಸ್ತಾ!”

ಮೆಲ್ಲಗೆ ಕುಟ್ಟುವುದು ಹೇಗೆ ಸಾಧ್ಯ? ಗದಿಗೆಮ್ಮನಂಥ ಹಿರಿಯ ಜೀವಕ್ಕೆ ಆ ಮನುಷ್ಯ ಬರೆದದ್ದೇನು? “ಅಜ್ಜಿ, ಇದು ನಿಮ್ಮ ಕೈಲಿ ಆಗಂಗಿಲ್ಲ. ರೊಟ್ಟಿ ಬಡೀರಿ, ಪುಣ್ಯ ಬರ್ತೈತಿ.” ಓದಿದಾಗ ಆನಂದಕುಮಾರನಿಗೆ ತನ್ನನ್ನೇ ಬೈದಷ್ಟು ಉರಿದಿತ್ತು. ಅಂದಿನಿಂದ ಗದಿಗೆಮ್ಮ ಒಂದಕ್ಷರ ಬರೆದಿಲ್ಲ.

ಅದು ಹೈದರಾಬಾದಿನ ಕನ್ನಡಿಗರ ಇಂಟರ್ನೆಟ್ ಗುಂಪು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಕನ್ನಡಕ್ಕೆ ತರುವ ಕೆಲಸ. ಸಂಬಳವಿಲ್ಲ. ಯಾರೂ ಯಾರ ಮುಖವನ್ನೂ ನೋಡಿಲ್ಲ. ಎಲ್ಲ ಮೇಲ್‌ನಲ್ಲೇ. ಶುರು ಮಾಡಿದವಳು ಸನತ್‌ನಗರದ ಭಾಗ್ಯಶ್ರೀ. ಮೊದಮೊದಲು ಖಾಲಿ ಮನೆಯಲ್ಲಿ ಮಾತಾಡಿದಂತೆ ಒಬ್ಬಳೇ ಬರೆಯುತ್ತಿದ್ದಳು. ಜಾವಾ ಕಲಿಯಲು ಬೀದರಿನಿಂದ ಬಂದಿದ್ದ ಆನಂದಕುಮಾರ ಸೇರಿದ. ಇಬ್ಬರೇ ಇದ್ದರೆ ಅದು ಗುಂಪು ಹೇಗಾದೀತು? ಅವನ ಹಿಂದೆಯೇ ಗದಿಗೆಮ್ಮ ಬಂದರು, ರಿಟೈರಾದ ಮೇಷ್ಟ್ರು ಹನುಮಂತರಾಯರು ಬಂದರು. ಭಾಗ್ಯಶ್ರೀಯ ಕಡೆಯಿಂದ ಶಿವದೇವಿ ಬಂದಳು. ಗುಂಪಿಗೆ ಕಳೆ ಬಂತು.

ಹೀಗಿರುವಾಗ ಭಾಗ್ಯಶ್ರೀ ಅನುವಾದದ ಒಂದು ತಪ್ಪು ತೋರಿಸಿದಳು. “ನೀ ಇನ್ನೂ ಸಣ್ಣಾಕಿ, ತಂಗಿ. ದೊಡ್ಡವರು ನೋಡ್ಕೋತೀವಿ ಬಿಡು,” ಎಂದು ಹನುಮಂತರಾಯರು ನಯವಾಗಿ ಬಾಯಿ ಮುಚ್ಚಿಸಿದರು. ಮರುವಾರವೇ ಎಲ್ಲಿಂದಲೋ ಅಂಬಣ್ಣ ಹಾಜರು. ಹಿಡಿದ ತಪ್ಪೆಲ್ಲ ಸರಿಯಾದ ತಪ್ಪೇ. ಆದರೆ ಹಿಡಿಯುವ ರೀತಿ? ಎಲ್ಲರ ನೀರಿಳಿಸಿಬಿಡುತ್ತಿದ್ದ.

ಕೊನೆಗೆ ಭಾಗ್ಯಶ್ರೀ ಬರೆದಳು: “ಗದಿಗೆಮ್ಮನವರು ತಿರುಗಿ ಬರಲಿಲ್ಲಂದ್ರ ಗುಂಪು ಬಂದ್ ಮಾಡ್ತೀನ್ರಿ. ಹಿರಿಯರನ್ನ ನೋಯಿಸಿ ಇಂಥಾ ಕೆಲಸ ಬ್ಯಾಡ.”

ಆನಂದಕುಮಾರನ ಜೀವ ಬಾಯಿಗೆ ಬಂತು. ಹಾಸ್ಟೆಲಿನಲ್ಲಿ ತೆಲುಗು, ರಸ್ತೆಯಲ್ಲಿ ಹಿಂದಿ, ಕ್ಲಾಸಿನಲ್ಲಿ ಜಾವಾ. ಅವನ ಪಾಲಿಗೆ ಕನ್ನಡ ಉಳಿದಿದ್ದು ಆ ಗುಂಪಿನಲ್ಲಿ ಮಾತ್ರ. ಭಾಗ್ಯಶ್ರೀಯ ಮೇಲ್ ಬಾರದ ದಿನ ಅನ್ನ ಸೇರುತ್ತಿರಲಿಲ್ಲ ಎಂಬುದು ಬೇರೆ ಮಾತು.

“ಮರ್ಯಾದಿ ಸಿಕ್ರ ಗದಿಗೆಮ್ಮ ಬರ್ತಾರ, ನಾ ಗ್ಯಾರಂಟಿ,” ಎಂದು ಬರೆದು ಅವನು ನೀತಿ ಸಂಹಿತೆ ಟೈಪಿಸತೊಡಗಿದ. ಎಲ್ಲರಿಗೂ ‘ರೀ’ ಹಚ್ಚಿ ಮಾತಾಡಬೇಕು. ತಪ್ಪನ್ನು ತಿದ್ದಬೇಕು, ಮನುಷ್ಯನನ್ನು ಹೀಯಾಳಿಸಬಾರದು. ಅಂಬಣ್ಣ ಎಂಬುದೇ ಕಳ್ಳ ಹೆಸರಿರಬೇಕೆಂಬ ಗುಮಾನಿ ಬಂದು ಇನ್ನೊಂದು ಸೇರಿಸಿದ: ಒಬ್ಬರಿಗೆ ಒಂದೇ ಹೆಸರು, ಅದೂ ಸ್ವಂತದ್ದು. ಬೆರಳು ತಲೆಗಿಂತ ಮುಂದೆ ಓಡಿತ್ತು. ಕಳಿಸಿದ ಮೇಲೆ ಮತ್ತೊಮ್ಮೆ ಓದಿಕೊಂಡ. ಅತಿಯಾಯಿತೇನೋ?

ಆದರೆ ಬೇಡವೆಂದವರ ಮೇಲೇ ಸಂಶಯ ಬರುತ್ತದಲ್ಲ! ಹನುಮಂತರಾಯರು ಒಪ್ಪಿದರು. ಶಿವದೇವಿ ಒಪ್ಪಿದಳು. ಅಂಬಣ್ಣ ಮಾತ್ರ, “ನೀತಿ ಸಂಹಿತಿ ಯಾಕೋ? ಎಲೆಕ್ಷನ್ ಬಂತೇನು?” ಎಂದು ಕುಟುಕಿ, ಆಮೇಲೆ ಅವನೂ ಒಪ್ಪಿದ.

“ಹಂಗಾರ ಭಾನುವಾರ ಅಬಿಡ್ಸಿನ ಇರಾನಿ ಹೋಟೆಲಿಗೆ ಎಲ್ಲಾರೂ ಬರ್ರಿ. ಮುಖಾಮುಖಿ ಕುಂತು ಸಹಿ ಮಾಡೂಣು,” ಎಂದಳು ಭಾಗ್ಯಶ್ರೀ.

ಭಾನುವಾರ ಆನಂದಕುಮಾರ ಮುಂಚೆಯೇ ಹೋಗಿ ಆರು ಕುರ್ಚಿ ಹಿಡಿದ. ವೇಟರ್ ಗೊಣಗಿದ. ಸ್ವಲ್ಪ ಹೊತ್ತಿಗೆ ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ಭಾಗ್ಯಶ್ರೀ ಬಂದಳು. ಫುಟ್‌ಪಾತಿನ ಪುಸ್ತಕದಂಗಡಿಗಳ ಕಡೆ ಇಬ್ಬರೂ ಕಣ್ಣು ನೆಟ್ಟು ಕೂತರು. ಇನ್ಯಾರೂ ಬರಲಿಲ್ಲ.

“ಶಿವದೇವಿಗೆ ಜ್ವರ ಬಂದಾವ್ರಿ,” ಎಂದಳು ಭಾಗ್ಯಶ್ರೀ, ಮೇಜು ಒರೆಸುತ್ತ.

“ಹನುಮಂತರಾಯರೂ ಊರಿಗೆ ಹೋಗ್ಯಾರ್ರಿ,” ಎಂದ ಆನಂದಕುಮಾರ.

“ಗದಿಗೆಮ್ಮನವರು?”

“ಮಣಕಾಲು ನೋವು. ಬಸ್ ಹತ್ತಾಕ ಆಗಂಗಿಲ್ಲಂತ.”

ಅವಳ ಮುಖ ಬಾಡಿತು. “ಅವರ ಕಾಲಿಗೆ ಬೀಳೂಣು ಅಂತ ಬಂದಿದ್ದೆ.”

“ನೀವ್ಯಾಕ್ರಿ ಬೀಳೂದು? ಬೀಳಬೇಕಾದಾಂವ ಅಂಬಣ್ಣ. ಬರ್ಲಿ ಅಂವ, ತೋರಸ್ತೀನಿ!”

“ಅಂವ ಹೇಳಿದ್ದು ಸುಳ್ಳಿತ್ತೇನ್ರಿ? ಅದನ್ನ ನಾ ಹೇಳಿದಾಗ ಒಬ್ಬರರ ಕಿವಿಗೆ ಹಾಕ್ಕೊಂಡ್ರ್ಯಾ?”

ಆನಂದಕುಮಾರನ ಕಿವಿ ಬಿಸಿಯಾಯಿತು. ಹನುಮಂತರಾಯರ ಆ ಮೇಲ್ ಅವನಿಗೆ ಬಾಯಿಪಾಠವಾಗಿತ್ತು.

ಭಾಗ್ಯಶ್ರೀ ಸಂಹಿತೆಯ ಹಾಳೆ ಬಿಚ್ಚಿ ಪೆನ್ನು ಕೊಟ್ಟಳು. ‘ಒಬ್ಬರಿಗೆ ಒಂದೇ ಹೆಸರು’ ಎಂಬಲ್ಲಿ ಅವನ ಕಣ್ಣು ನಿಂತಿತು. ತುಸು ತಡೆದು ಸಹಿ ಮಾಡಿದ. ಅವಳೂ ಪೆನ್ನು ಹಿಡಿದು ಅಷ್ಟೇ ಹೊತ್ತು ತಡೆದು ಸಹಿ ಮಾಡಿದಳು. ಆಮೇಲೆ ಡಬ್ಬಿಯನ್ನು ಅವನತ್ತ ಸರಿಸಿದಳು.

“ಶೇಂಗಾ ಹೋಳಿಗಿ. ನಿನ್ನೆ ಕುಂತು ಮಾಡೇನಿ. ಗದಿಗೆಮ್ಮಗ ಇದಂದ್ರ ಜೀವ ಅಂತ ಬರದಿದ್ರಲ್ರಿ, ಅವರಿಗೆ ಮುಟ್ಟಸ್ರಿ.”

ಅವನು ಡಬ್ಬಿಯನ್ನು ನೋಡಿದ. ಇನ್ನೂ ಹಸಿಯಾಗಿದ್ದ ತನ್ನ ಸಹಿಯನ್ನು ನೋಡಿದ. ಮುಚ್ಚಳ ತೆಗೆದು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ.

“ಮುಟ್ಟಿತ್ರಿ,” ಎಂದ.

ಭಾಗ್ಯಶ್ರೀ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅವಳ ಹೊಟ್ಟೆಯೊಳಗಿಂದ ಎದ್ದ ನಗುವಿಗೆ ಪಕ್ಕದ ಮೇಜಿನವರೂ ತಿರುಗಿದರು. ಕಣ್ಣೊರೆಸಿಕೊಂಡು ಎದ್ದು ನಿಂತು, ಅವನಿಗೆ ಎರಡೂ ಕೈ ಜೋಡಿಸಿದಳು.

“ಅಂಬಣ್ಣಂದು ತಪ್ಪಾತು, ಅಜ್ಜಿ. ಹೊಟ್ಯಾಗ ಹಾಕ್ಕೋರಿ.”

ಅಷ್ಟರಲ್ಲಿ ವೇಟರ್ ಬಂದು ಖಾಲಿ ಕುರ್ಚಿಗಳನ್ನು ತೋರಿಸಿ, “ಬಾಕೀ ಲೋಗಾಂ ಕಬ್ ಆತೇ?” ಎಂದು ದುರುಗುಟ್ಟಿದ.

ಆರೂ ಮಂದಿ ಬಂದಾಯಿತು, ಚಾ ಎರಡೇ ಸಾಕು ಎಂದಳು ಭಾಗ್ಯಶ್ರೀ.