ಬರ್ ದುಬೈಯ ನಾರ್ವೆ ಊಟ

"ಫೆಲಿಕ್ಸಣ್ಣ, ಅಸಲಿ ನಾರ್ವೆಯವ ಬಂದಿದ್ದಾನೆ ಮಾರಾಯ್ರೆ! ಒಂದೊಂದು ತುತ್ತನ್ನೂ ಮೂಸಿ ಮೂಸಿ ತಿಂತಾ ಇದ್ದಾನೆ." ಬಡಿಸುವ ಹರಿಣಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು.

"ನಾರ್ವೆಯವ ಅಂತ ನಿಂಗೆ ಹೇಗೆ ಗೊತ್ತುಂಟು?"

"ಕೂದಲು ನೋಡಿ, ಜೋಳದ ನಾರಿನ ಹಾಗೆ ಉಂಟು. ಮತ್ತೆ ಯಾವ ಊರಿನವ?"

ಫೆಲಿಕ್ಸ್ ಒಲೆಯ ಉರಿ ತಗ್ಗಿಸಿ ಬಾಗಿಲ ಸಂದಿಯಿಂದ ಇಣುಕಿದ. ಈ ನಾರ್ವೆ ಹೋಟೆಲಿನ ನಿಜವಾದ ಬಾಣಸಿಗ ದುಬೈಯ ಸೆಕೆ ತಾಳದೆ ಊರಿಗೆ ಓಡಿಹೋಗಿ ವರ್ಷವಾಗಿತ್ತು. ಅಂದಿನಿಂದ ಬಂಟ್ವಾಳದ ಫೆಲಿಕ್ಸನೇ ಅಡುಗೆಮನೆಯೊಳಗಿನ ನಾರ್ವೆಯವ. "ಗಿರಾಕಿಗಳಿಗೆ ನಿನ್ನ ಮುಖ ಕಾಣಬಾರದು. ಒಂದು ದೂರು ಬಂದರೂ ವೀಸಾ ರದ್ದು," ಎಂದಿದ್ದ ಮಾಲೀಕ. ವೀಸಾ ಹೋದರೆ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಬಾಡಿಗೆ ಮನೆಯಲ್ಲಿರುವ ಹೆಂಡತಿ, ಮಗಳು ಎಲ್ಲರೂ ಗಂಟುಮೂಟೆ ಕಟ್ಟಬೇಕು.

ದೇವರು ದೊಡ್ಡವನು, ಇದುವರೆಗೆ ಬಂದವರೆಲ್ಲ ನಾರ್ವೆಯನ್ನು ಭೂಪಟದಲ್ಲೂ ಕಾಣದ ಪ್ರವಾಸಿಗರು. ಖೋವಾಕ್ಕೆ ಬೆಲ್ಲ ಬೆರೆಸಿ ಗೊಟಾಯಿಸಿ, ನಾರ್ವೆಯ ಕಂದು ಚೀಸ್ ಎಂದು ಕೊಟ್ಟರೆ ಫೋಟೋ ತೆಗೆದುಕೊಂಡು ತಿನ್ನುತ್ತಿದ್ದರು. ಕುರಿಮಾಂಸ, ಎಲೆಕೋಸಿನ ಜೊತೆ ನಾರ್ವೆಯವರು ಹಾಕದ ಶುಂಠಿ ಬೆಳ್ಳುಳ್ಳಿಯನ್ನೂ ಬೇಯಿಸಿದ ಬಗ್ಗೆ ಒಬ್ಬರೂ ಚಕಾರವೆತ್ತಿರಲಿಲ್ಲ.

ಈ ಆಸಾಮಿ ಮಾತ್ರ ಮೆನುವಿನಲ್ಲಿದ್ದುದನ್ನೆಲ್ಲ ತರಿಸಿದ. ಆಲೂಗಡ್ಡೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಚೀಸನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಹೇಗಿದೆ ಎಂದು ಹರಿಣಾಕ್ಷಿ ಕೇಳಿದರೆ, "ಇಂಥ ನಾರ್ವೆ ಊಟವನ್ನು ನಾನು ಜೀವಮಾನದಲ್ಲೇ ಮಾಡಿರಲಿಲ್ಲ," ಎಂದ.

ಹೊಗಳಿಕೆಯೋ ಬೆದರಿಕೆಯೋ ತಿಳಿಯದೆ ಫೆಲಿಕ್ಸ್ ಒಳಗೆ ಖೋವಾ, ಬೆಲ್ಲದ ಡಬ್ಬಿಗಳನ್ನು ಬಚ್ಚಿಟ್ಟ. ಅಷ್ಟರಲ್ಲಿ ಆತ ಅಡುಗೆಮನೆಗೇ ನುಗ್ಗಿ ಬಾಗಿಲು ಮುಚ್ಚಿದ.

"ಇದೆಲ್ಲ ಮಾಡಿದ್ದು ನೀವಾ?"

ಫೆಲಿಕ್ಸ್ ಕೈ ಮುಗಿದ. ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಕ್ಕಿಬಿಟ್ಟ. "ತಪ್ಪಾಯ್ತು ಸರ್. ನಾರ್ವೆ ಯಾವ ದಿಕ್ಕಿಗಿದೆ ಅಂತಲೂ ನನಗೆ ಗೊತ್ತಿಲ್ಲ. ಮಾಲೀಕರಿಗೆ ಮಾತ್ರ ಹೇಳಬೇಡಿ, ಮಗಳು ಶಾಲೆಗೆ ಹೋಗ್ತಿದ್ದಾಳೆ."

ಆತ ಈರುಳ್ಳಿ ಚೀಲದ ಮೇಲೆ ದೊಪ್ಪನೆ ಕುಳಿತ.

"ನಾರ್ವೆ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ನಾನು ಬಲ್ಗೇರಿಯಾದಲ್ಲಿ ಬಸ್ಸು ಓಡಿಸುತ್ತಿದ್ದವನು. ಬರೀ ಫೋಟೋ ನೋಡಿ ನಿಮ್ಮ ಮಾಲೀಕ ನಾಳೆಯಿಂದ ನನ್ನನ್ನೇ ಇಲ್ಲಿಯ ನಾರ್ವೆ ಬಾಣಸಿಗನನ್ನಾಗಿ ಮಾಡಿದ್ದಾನೆ; ಆ ಊಟ ಹೇಗಿರುತ್ತದೆ ಎಂದು ತಿಳಿಯಲು ಇವತ್ತು ಬಂದೆ. ಟೋಪಿ ಹಾಕಿಕೊಂಡು ಗಿರಾಕಿಗಳೆದುರು ನಿಲ್ಲುವುದಷ್ಟೇ ನನ್ನ ಕೈಲಾಗುವ ಕೆಲಸ, ದಯವಿಟ್ಟು ನೀವು ಈ ಒಲೆ ಬಿಟ್ಟು ಎಲ್ಲಿಗೂ ಹೋಗಬೇಡಿ!"